ಎಕ್ಸ್‌ಪೈರಿ ಆದ ಕೂಪನ್: ರೊಕ್ಕ ಯಾರದು?

ಮೊದಲಿಗೇ ಒಂದು ಮಾತು ಹೇಳಿಬಿಡ್ತೀವಿ. ಈ ಲೇಖನದಲ್ಲಿ ಮಂಗಳೂರು ಅಂತ ಬಂದಾಗ ಕಡಲು, ಮೀನು, ಗೋಳಿಬಜೆ ನೆನಪು ಮಾಡ್ಕೋಬ್ಯಾಡ್ರಿ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು, ಕುಕನೂರಿನ ಪಕ್ಕದ್ದು. ಜ್ವಾಳ, ಕಡ್ಲಿ ಬೆಳೆಯೋ ಎರಿ ಹೊಲದ ಊರು. ನಮ್ಮ ಬಳಗದಲ್ಲಿ ಈ ಊರಿನವರು ಇದ್ದಾರೆ. ಕೊರಿಯರ್‌ನವರಿಗೆ ಪ್ರತಿ ಸಲ "ಆ ಮಂಗಳೂರು ಅಲ್ರೀ, ಈ ಮಂಗಳೂರು" ಅಂತ ಹೇಳಿ ಹೇಳಿ ಅವರಿಗೆ ಸಾಕಾಗಿಹೋಗಿದೆ.

ಹೋದ ಸೆಮಿಸ್ಟರಿನಲ್ಲಿ ನಡೆದ ಸಂಗತಿ ಇದು. ಮಂಗಳೂರಿನ ಆ ಗೆಳೆಯ ಕಾಲೇಜಿನ ಹತ್ತಿರ ರೂಮ್ ಮಾಡಿದ್ದ. ಊಟಕ್ಕೆ ಒಂದು ಖಾನಾವಳಿ. ಅಲ್ಲಿ ಒಂದು ಊಟಕ್ಕೆ 60 ರೂಪಾಯಿ. ತಿಂಗಳ ಕೂಪನ್ ಪುಸ್ತಕ ತಗೊಂಡ್ರೆ 60 ಊಟಕ್ಕೆ 2,400, ಅಂದ್ರೆ ಊಟಕ್ಕೆ 40ರ ಲೆಕ್ಕ. ಅವರಪ್ಪ ಕಡ್ಲಿ ಮಾರಿ ಕೊಟ್ಟ ರೊಕ್ಕದಲ್ಲಿ ಪುಸ್ತಕ ತಗೊಂಡ. 38 ಊಟ ಆದ ಮೇಲೆ ಜ್ವರ ಬಂತು, ಊರಿಗೆ ಹೋದ. ವಾಪಸ್ ಬಂದಾಗ ಪುಸ್ತಕದಲ್ಲಿ 22 ಕೂಪನ್ ಉಳಿದಿದ್ದವು. ಆದರೆ ಹಿಂದಿನ ರಟ್ಟಿನ ಮೇಲೆ ಸಣ್ಣಕ್ಷರದಲ್ಲಿ "30 ದಿನಗಳೊಳಗೆ ಮಾತ್ರ" ಅಂತ ರಬ್ಬರ್ ಸ್ಟ್ಯಾಂಪ್ ಇತ್ತು.

"ಅಕ್ಕಾರ, ಇನ್ನ 22 ಅದಾವ್ರಿ."

"ತಾರೀಖು ನೋಡ ತಮ್ಮಾ. ಮುಗದು ವಾರ ಆತು."

"ರೊಕ್ಕ ಕೊಟ್ಟೀನಲ್ರಿ ಅಕ್ಕಾರ?"

"ನಾನೂ ಅಡಿಗಿ ಮಾಡಿ ಇಟ್ಟೀನೆಲ್ಲಪ್ಪಾ. ನೀ ಬರಲಿಲ್ಲ ಅಂದ್ರ ಆ ಅನ್ನ ಏನ್ ಮಾಡ್ಲಿ ನಾ?"

ಇಬ್ಬರ ಮಾತೂ ಖರೇನೇ. ಆದರೆ ಅವತ್ತು ನಮಗೆ ಹಂಗೆ ಅನಿಸಲಿಲ್ಲ. ಸಂಜೆ ಹೊತ್ತಿಗೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ "ಅಲ್ಲಿ ಮೋಸ ಮಾಡ್ತಾರೆ, ಹೋಗಬ್ಯಾಡ್ರಿ" ಅಂತ ಮೆಸೇಜ್ ಹಾಕಿದ್ವಿ. ಮಾರನೇ ದಿನದಿಂದ ಅಲ್ಲಿ ಊಟಕ್ಕೆ ಕೂರೋ ಹುಡುಗರು ಕಮ್ಮಿ ಆದರು. ಗೆಳೆಯ ಎರಡು ವಾರ ಗಾಡಿ ಮೇಲಿನ ಎಗ್‌ರೈಸ್ ತಿಂದ. 880 ರೂಪಾಯಿಯ ಈ ಜಗಳದಲ್ಲಿ ಯಾರಿಗೂ ಒಂದು ರೂಪಾಯಿ ಸಿಗಲಿಲ್ಲ. ಆಮೇಲೆ ನಾವು ಕೂತು ಓದೋಕೆ ಶುರು ಮಾಡಿದ್ವಿ: ಕಾನೂನು ಏನು ಹೇಳ್ತದೆ, ಲೆಕ್ಕ ಏನು ಹೇಳ್ತದೆ? ಓದಿದ್ದನ್ನು ಇಲ್ಲಿ ಬರೀತಾ ಇದ್ದೀವಿ. ನಾವು ಲಾ ಓದಿದವರಲ್ಲ, ಇಂಜಿನಿಯರಿಂಗ್ ಹುಡುಗರು. ಆದ್ದರಿಂದ ಬಿಡಿಸಿ ಬಿಡಿಸಿ ಬರೆದಿದ್ದೀವಿ.

ಉದ್ರಿಯ ಉಲ್ಟಾ

ರಜೆಯಲ್ಲಿ ಗೆಳೆಯನ ಜೊತೆ ಮಂಗಳೂರಿಗೆ ಹೋಗಿದ್ವಿ. ಅಲ್ಲಿಯ ಒಂದು ಕಿರಾಣಿ ಅಂಗಡಿಯಲ್ಲಿ ಚಹಾಪುಡಿ ತಗೊಳ್ಳುವಾಗ ಈ ಮಾತು ತೆಗೆದ್ವಿ. ಅಂಗಡಿಯ ಯಜಮಾನರು ನಕ್ಕರು. ಅವರ ಹತ್ತಿರ ಉದ್ದನೆಯ ಉದ್ರಿ ಪುಸ್ತಕ ಇದೆ. "ಉದ್ರಿಗೆ ಎಕ್ಸ್‌ಪೈರಿ ಎಲ್ಲೈತ್ರೀ? ಸುಗ್ಗಿಗಂಟ ಕಾಯೂದು. ಮಳಿ ಆಗಲಿಲ್ಲ ಅಂದ್ರ ಮುಂದಿನ ಸುಗ್ಗಿ."

ಆ ಮಾತಿನಿಂದಲೇ ನಮಗೆ ವಿಷಯದ ಎಳೆ ಸಿಕ್ಕಿತು. ಉದ್ರಿ ಅಂದರೆ ಸಾಮಾನು ಮೊದಲು, ರೊಕ್ಕ ಆಮೇಲೆ. ರೊಕ್ಕ ಕೊಟ್ಟು ತಗೊಂಡ ವೋಚರ್ ಅಂದರೆ ರೊಕ್ಕ ಮೊದಲು, ಸಾಮಾನು ಆಮೇಲೆ. ಅಂದರೆ ವೋಚರ್ ಉದ್ರಿಯ ಉಲ್ಟಾ. ಇಲ್ಲಿ ಗಿರಾಕಿಯೇ ಅಂಗಡಿಗೆ ಉದ್ರಿ ಕೊಟ್ಟಿರ್ತಾನೆ. ಖಾನಾವಳಿ ಅಕ್ಕ ಆ 2,400ರಲ್ಲಿ ಗ್ಯಾಸ್ ಸಿಲಿಂಡರ್ ತರಿಸಿರ್ತಾಳೆ, ಎಣ್ಣೆ ಡಬ್ಬಿ ತಂದಿರ್ತಾಳೆ. ಬಡ್ಡಿ ಇಲ್ಲದ ಸಾಲ ಅದು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟ ಸಾಮಾನಿನ ರೊಕ್ಕಕ್ಕೆ ಕೋರ್ಟಿಗೆ ಹೋಗಬೇಕು ಅಂದರೆ 1963ರ ಕಾಲಮಿತಿ ಅಧಿನಿಯಮದ ಪ್ರಕಾರ, ಬೇರೆ ಗಡುವು ಮಾತಾಡಿರದಿದ್ದರೆ, ಸಾಮಾನು ಕೊಟ್ಟ ದಿನದಿಂದ 3 ವರ್ಷ ಟೈಮ್ ಇದೆ. ಅಂಗಡಿ ನಮಗೆ ಕೊಟ್ಟ ಉದ್ರಿಗೆ 3 ವರ್ಷ. ನಾವು ಅಂಗಡಿಗೆ ಕೊಟ್ಟ ಉದ್ರಿಗೆ ರಬ್ಬರ್ ಸ್ಟ್ಯಾಂಪಿನ 30 ದಿನ. ಈ ತಕ್ಕಡಿ ಸಮ ಇಲ್ಲ ಅನ್ನೋದು ಯಾರಿಗಾದರೂ ಕಾಣ್ತದೆ.

ಆದರೆ ಎಲ್ಲ ಕೂಪನ್‌ಗೂ ಈ ಮಾತು ಹೊಂದೋದಿಲ್ಲ. ಇಲ್ಲೇ ಬಹಳ ಜನ ಎಡವೋದು.

ಚೀಟಿ ಯಾವ ಜಾತಿದು?

ಬಟ್ಟೆ ಅಂಗಡಿಯವರು ದೀಪಾವಳಿಗೆ "1,000 ರೂಪಾಯಿ ಖರೀದಿಗೆ 100 ರೂಪಾಯಿ ಬಿಡುವು, ತಿಂಗಳ ಕೊನೆಯವರೆಗೆ" ಅಂತ ಚೀಟಿ ಹಂಚಿದರು ಅಂತಿಟ್ಟುಕೊಳ್ಳಿ. ಇದಕ್ಕೆ ನಾವು ಒಂದು ಪೈಸೆ ಕೊಟ್ಟಿಲ್ಲ. ತಾರೀಖು ದಾಟಿದ ಮೇಲೆ ಹೋಗಿ ಜಗಳ ತೆಗೆದರೆ ನಮ್ಮ ಬಾಯಿ ನೋವು ಅಷ್ಟೇ. ಅದು ಅಂಗಡಿಯವರು ತೋರಿದ ಒಂದು ಔದಾರ್ಯ. ಅದಕ್ಕೆ ಎಷ್ಟು ದಿನ ಅಂತ ಹೇಳೋ ಹಕ್ಕು ಅವರದೇ. ಒಂದೇ ಒಂದು ಷರತ್ತು: ಗಡುವನ್ನು ಬಚ್ಚಿಡಬಾರದು. ದಾರಿ ತಪ್ಪಿಸುವ ಜಾಹೀರಾತು ತಡೆಯೋಕೆ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ನಮ್ಮ ಕನ್ನಡ ಬಳಗಕ್ಕೆ ಬಹಳ ಖುಷಿ ಕೊಟ್ಟ ಒಂದು ಸಾಲಿದೆ. ಜಾಹೀರಾತಿನ ಆಕರ್ಷಣೆಯ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು. "ಒಂದು ಕೊಂಡರೆ ಒಂದು ಉಚಿತ" ಅನ್ನೋದು ದಪ್ಪ ಕನ್ನಡದಲ್ಲಿ, ಷರತ್ತು ಮಾತ್ರ ಇರುವೆ ಸೈಜಿನ ಇಂಗ್ಲಿಷಿನಲ್ಲಿ ಹಾಕಿದ ಬ್ಯಾನರ್ ನಮ್ಮ ಕಡೆ ಎಷ್ಟು ನೋಡಿಲ್ಲ! ಅದು ಬರೀ ಭಾಷೆಯ ವಿಷಯ ಅಲ್ಲ, ಗ್ರಾಹಕನ ವಿಷಯ.

ಎರಡನೇ ಜಾತಿ ರೊಕ್ಕ ಕೊಟ್ಟು ಕೊಂಡ ಚೀಟಿ. ಗಿಫ್ಟ್ ವೋಚರ್, ಜಿಮ್ಮಿನ ಪ್ಯಾಕೇಜ್, ಫೋಟೋ ಸ್ಟುಡಿಯೋದ ಮುಂಗಡ ಕಾರ್ಡು, ನಮ್ಮ ಖಾನಾವಳಿ ಪುಸ್ತಕ, ಎಲ್ಲ ಇದೇ. ಇಲ್ಲಿ ನಮ್ಮ ರೊಕ್ಕ ಅಂಗಡಿಯ ಗಲ್ಲಾದಲ್ಲಿದೆ. ಇತ್ತೀಚೆಗೆ ಮದುವೆ ಮುಯ್ಯಿಯಲ್ಲೂ ಸೀರೆ ಅಂಗಡಿಯ ವೋಚರ್ ಕೊಡೋದು ಶುರುವಾಗಿದೆ. ರೊಕ್ಕ ಕೊಟ್ಟವರು ಸೋದರಮಾವ, ಚೀಟಿ ಇರೋದು ಮದುಮಗಳ ಕೈಯಲ್ಲಿ. "ನೀವು ಕೊಂಡವರಲ್ಲ, ನೀವು ಕೇಳಂಗಿಲ್ಲ" ಅಂತ ಅಂಗಡಿಯವರು ಅಂದರೆ ಅದು ನಿಲ್ಲೋದಿಲ್ಲ. ಗ್ರಾಹಕರ ಸಂರಕ್ಷಣಾ ಅಧಿನಿಯಮದಲ್ಲಿ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ.

ಮೂರನೆಯದು ನಮಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು: ವಾಪಸ್ ಚೀಟಿ, ಅಂದರೆ ಕ್ರೆಡಿಟ್ ನೋಟ್. ಅಂಗಿ ಸಣ್ಣದಾಯ್ತು ಅಂತ ವಾಪಸ್ ಕೊಟ್ಟರೆ ಅಂಗಿ ತಗೊಂಡು, ರೊಕ್ಕ ಕೊಡದೆ, "ತಿಂಗಳೊಳಗೆ ಇಷ್ಟು ರೊಕ್ಕದ್ದು ಏನಾದ್ರೂ ತಗೊಳ್ಳಿ" ಅಂತ ಬರೆದುಕೊಡ್ತಾರೆ. ತಿಂಗಳು ದಾಟಿತು ಅಂದರೆ ಅಂಗಿಯೂ ಅವರ ಹತ್ತಿರ, ರೊಕ್ಕವೂ ಅವರ ಹತ್ತಿರ. ಸೈಜು, ಬಣ್ಣ ಹಿಡಿಸಲಿಲ್ಲ ಅಂತ ನಾವೇ ವಾಪಸ್ ಕೊಟ್ಟಾಗ ತಗೊಂಡಿದ್ದು ಅವರ ಸೌಜನ್ಯ ಅನ್ನಬಹುದು. ಆದರೆ ಮಾಲಿನಲ್ಲೇ ದೋಷ ಇದ್ದರೆ ಕಥೆ ಬೇರೆ. ದೋಷದ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಹಂಗೆ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ರೊಕ್ಕ ಕೊಡಲು ಒಪ್ಪದಿರೋದು 2019ರ ಅಧಿನಿಯಮದ ಸೆಕ್ಷನ್ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಅಂಥಾ ಹೊತ್ತಿನಲ್ಲಿ ಚೀಟಿ ತಗೊಳ್ಳೋ ಗೋಜಿಗೇ ಹೋಗಬ್ಯಾಡ್ರಿ, ರೊಕ್ಕ ಕೇಳ್ರಿ.

ಕಾನೂನು ಎಲ್ಲಿಯವರೆಗೆ ಬರ್ತದೆ?

ನಾವು ಹುಡುಕಿದ್ದು "ವೋಚರ್ ಇಷ್ಟು ವರ್ಷ ನಡೀಬೇಕು" ಅಂತ ಹೇಳೋ ಒಂದು ಕಾಯ್ದೆ. ಬೇರೆ ದೇಶಗಳಲ್ಲಿ ಅಂಥಾದ್ದಿದೆ. ಅಮೆರಿಕದಲ್ಲಿ 2009ರ ಕಾಯ್ದೆ ಗಿಫ್ಟ್ ಕಾರ್ಡಿನ ರೊಕ್ಕಕ್ಕೆ ಕನಿಷ್ಠ 5 ವರ್ಷ ಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ 2019ರ ನವೆಂಬರ್‌ನಿಂದ 3 ವರ್ಷ. ಐರ್ಲೆಂಡಿನಲ್ಲಿ ಅದೇ ವರ್ಷದ ಡಿಸೆಂಬರ್‌ನಿಂದ 5 ವರ್ಷ. ನಮ್ಮಲ್ಲಿ ಅಂಗಡಿಯೊಂದು ತನ್ನಲ್ಲೇ ಬಳಸೋಕೆ ಕೊಡುವ ಚೀಟಿಗೆ ಹಂಗೆ ವರ್ಷ ಗೊತ್ತುಮಾಡಿದ ಕಾಯ್ದೆ ಇಲ್ಲ.

ಬ್ಯಾಂಕು, ವಾಲೆಟ್ ಕಂಪನಿಗಳು ಕೊಡುವ ಗಿಫ್ಟ್ ಕಾರ್ಡಿಗೆ ಮಾತ್ರ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2021ರ ಆಗಸ್ಟ್‌ನ ನಿರ್ದೇಶನದ ಪ್ರಕಾರ ಅಂಥಾ ಕಾರ್ಡು ಕೊನೆಯ ಸಲ ರೊಕ್ಕ ತುಂಬಿದ ದಿನದಿಂದ ಕನಿಷ್ಠ 1 ವರ್ಷ ನಡೀಬೇಕು, ಅವಧಿ ಮುಗಿಯೋ ಮುಂಚಿನ 45 ದಿನಗಳಲ್ಲಿ ಎಚ್ಚರಿಕೆ ಕಳಿಸಬೇಕು, ಕೇಳಿದರೆ ಗಿಫ್ಟ್ ಕಾರ್ಡನ್ನು ಮತ್ತೆ ಚಾಲ್ತಿ ಮಾಡಿಕೊಡಬಹುದು. ಆದರೆ ಒಂದೇ ಅಂಗಡಿ ತನ್ನ ಮಾಲಿಗಷ್ಟೇ ಕೊಡುವ ಚೀಟಿ ಈ ನಿಯಮದ ಹೊರಗೆ. ಖಾನಾವಳಿ ಕೂಪನ್‌ಗೆ ರಿಸರ್ವ್ ಬ್ಯಾಂಕ್ ಬರೋದಿಲ್ಲ, ಪಾಪ, ಅವರಿಗೂ ಕೆಲಸ ಇರ್ತದೆ.

ಹಂಗಾದ್ರೆ ಅಂಗಡಿಯ ಚೀಟಿ ಅಂದರೆ ಏನು? ಇದಕ್ಕೆ ಉತ್ತರ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಸಿಕ್ಕಿತು, ಅದೂ ತೆರಿಗೆ ಕೇಸಿನಲ್ಲಿ. ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಅನ್ನೋ ಕಂಪನಿ ವೋಚರ್‌ಗಳನ್ನು ಕೊಂಡು ಬೇರೆ ಕಂಪನಿಗಳಿಗೆ ಮಾರೋ ವ್ಯಾಪಾರದ್ದು. ವೋಚರ್ ಮಾರಾಟಕ್ಕೇ ಜಿಎಸ್‌ಟಿ ಕಟ್ಟಬೇಕು ಅಂತ ತೆರಿಗೆ ಪ್ರಾಧಿಕಾರ ಹೇಳಿತು. 2023ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ವೋಚರ್‌ಗೆ ತನ್ನದೇ ಆದ ಬೆಲೆ ಇಲ್ಲ, ಅದು ಸರಕೂ ಅಲ್ಲ ಸೇವೆಯೂ ಅಲ್ಲ, ಮುಂದೆ ಸಿಗುವ ಸರಕು-ಸೇವೆಗೆ ಕೊಡುವ ಬೆಲೆಯ ಸಾಧನ ಅನ್ನೋದು ಆ ತೀರ್ಪಿನ ತಿರುಳು. 2024ರ ಡಿಸೆಂಬರ್ 31ರಂದು ಜಿಎಸ್‌ಟಿಯ ಸುತ್ತೋಲೆಯೂ ಅದೇ ದಾರಿ ಹಿಡಿಯಿತು. ಬಳಸದೆ ಉಳಿದ ವೋಚರಿನ ರೊಕ್ಕಕ್ಕೆ ವ್ಯಾಪಾರದ ಭಾಷೆಯಲ್ಲಿ 'ಬ್ರೇಕೇಜ್' ಅಂತಾರೆ. ಅದರ ಮೇಲೂ ಜಿಎಸ್‌ಟಿ ಇಲ್ಲ, ಯಾಕಂದರೆ ಅಲ್ಲಿ ಯಾವ ಸರಕೂ ಸೇವೆಯೂ ಕೈ ಬದಲಾಗಿಲ್ಲ ಅಂತ ಆ ಸುತ್ತೋಲೆ ಹೇಳ್ತದೆ.

ಈ ಕೊನೇ ಮಾತನ್ನು ಗ್ರಾಹಕನ ಕಡೆಯಿಂದ ಓದಿ ನೋಡಿ. ಏನೂ ಕೈ ಬದಲಾಗಿಲ್ಲ, ರೊಕ್ಕ ಮಾತ್ರ ಬದಲಾಗಿದೆ! ತೆರಿಗೆಯ ತೀರ್ಪು ಗ್ರಾಹಕರ ಆಯೋಗವನ್ನು ನೇರವಾಗಿ ಕಟ್ಟಿಹಾಕೋದಿಲ್ಲ, ಅದು ನಮಗೆ ಗೊತ್ತು. ಆದರೆ ವೋಚರ್ ಅಂದರೆ ಮಾರಿ ಮುಗಿದ ಮಾಲಲ್ಲ, ಮುಂಗಡ ಅನ್ನೋ ನಮ್ಮ ಉದ್ರಿಯ ವಾದಕ್ಕೆ ಅದು ಒಳ್ಳೆ ಆಸರೆ.

ಇನ್ನೊಂದು ಆಸರೆ ಕೊರೋನಾ ಕಾಲದ್ದು. ಲಾಕ್‌ಡೌನಿನಲ್ಲಿ ವಿಮಾನ ರದ್ದಾದಾಗ ಕಂಪನಿಗಳು ರೊಕ್ಕದ ಬದಲು 'ಕ್ರೆಡಿಟ್ ಶೆಲ್' ಕೊಟ್ಟವು. ಅದೂ ಒಂದು ವೋಚರೇ. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್, ಪ್ರವಾಸಿ ಲೀಗಲ್ ಸೆಲ್ ಸಲ್ಲಿಸಿದ ಅರ್ಜಿಯಲ್ಲಿ, ಕಷ್ಟದಲ್ಲಿದ್ದ ವಿಮಾನ ಕಂಪನಿಗಳು 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ನಡೆಸಬಹುದು, ಅಷ್ಟರೊಳಗೆ ಬಳಸದಿದ್ದರೆ ರೊಕ್ಕ ವಾಪಸ್ ಕೊಡಬೇಕು ಅನ್ನೋ ವ್ಯವಸ್ಥೆಯನ್ನು ಒಪ್ಪಿತು. ಕಾಯಿಸಿದ್ದಕ್ಕೆ ತಿಂಗಳಿಗೆ ಮೊದಲು ಶೇ. 0.5, 2020ರ ಜೂನ್ ನಂತರ ಶೇ. 0.75 ಲೆಕ್ಕದಲ್ಲಿ ಮೌಲ್ಯ ಹೆಚ್ಚಿಸಬೇಕಿತ್ತು. ಗಡುವು ಮುಗಿದ ದಿನ ಚೀಟಿ ಸತ್ತಿತು, ರೊಕ್ಕ ಎದ್ದು ಬಂತು. ಅಲ್ಲಿ ವಿಮಾನ ಹಾರದೇ ಇದ್ದದ್ದು ಪ್ರಯಾಣಿಕನ ತಪ್ಪಲ್ಲ. ನಮ್ಮ ಗೆಳೆಯನ ಕೇಸಿನಲ್ಲಿ ಖಾನಾವಳಿ ತೆರೆದೇ ಇತ್ತು, ಬರದೇ ಇದ್ದವನು ಅವನು. ಆದ್ದರಿಂದ ಈ ತೀರ್ಪನ್ನು ಅಕ್ಕನ ಮುಂದೆ ಝಳಪಿಸೋಕೆ ಬರೋದಿಲ್ಲ. ಆದರೆ ಅಂಗಡಿಯೇ ಮುಚ್ಚಿತ್ತು, ಅಥವಾ "ಸೀಜನ್ ಐತಿ, ಮುಂದಿನ ತಿಂಗಳ ಬಾ" ಅಂತ ಅವರೇ ಕಳಿಸಿದ್ದರು ಅನ್ನೋ ಸಂದರ್ಭದಲ್ಲಿ ಗ್ರಾಹಕನ ಕೈ ಬಹಳ ಮೇಲೆ. 1872ರ ಕರಾರು ಅಧಿನಿಯಮದ ಸೆಕ್ಷನ್ 53ರ ಸಾರ ಅದೇ: ಒಬ್ಬ ತನ್ನ ಕೆಲಸ ಮಾಡದ ಹಾಗೆ ಇನ್ನೊಬ್ಬ ತಡೆದರೆ, ಆ ತಡೆಯ ಲಾಭವನ್ನು ತಡೆದವನು ಪಡೆಯೋಕೆ ಬರೋದಿಲ್ಲ. ಹೋಗಿ ವಾಪಸ್ ಬಂದ ದಿನ ಒಂದು ಮೆಸೇಜ್ ಹಾಕಿಡಿ, "ಇವತ್ತು ಬಂದಿದ್ದೆ, ಮುಂದಿನ ತಿಂಗಳು ಬಾ ಅಂದ್ರಿ" ಅಂತ. ನಾಳೆ ಅದೇ ಸಾಕ್ಷಿ.

ಉಳಿದದ್ದು ಕಷ್ಟದ ಕೇಸು: ಗಡುವು ಮೊದಲೇ ಬರೆದಿತ್ತು, ನಮಗೆ ಗೊತ್ತಿತ್ತು, ನಾವೇ ಹೋಗಲಿಲ್ಲ. ಇಲ್ಲಿ ಕಾನೂನು ಪೂರ್ತಿ ನಮ್ಮ ಕಡೆ ಇಲ್ಲ. ಒಪ್ಪಿ ತಗೊಂಡ ಷರತ್ತಿಗೆ ಬೆಲೆ ಇದೆ. ಆದರೆ ಆ ಷರತ್ತೇ ನ್ಯಾಯವೋ ಅಂತ ಕೇಳೋಕೆ 2019ರ ಅಧಿನಿಯಮ ಬಾಗಿಲು ತೆರೆದಿದೆ. ಸೆಕ್ಷನ್ 2(46)ರಲ್ಲಿ 'ನ್ಯಾಯಸಮ್ಮತವಲ್ಲದ ಕರಾರು' ಅಂತ ಒಂದು ವ್ಯಾಖ್ಯೆ ಇದೆ. ಆದ ನಷ್ಟಕ್ಕೆ ಸ್ವಲ್ಪವೂ ಹೊಂದದಷ್ಟು ದಂಡ ಹಾಕೋದು, ಗ್ರಾಹಕನಿಗೆ ತೊಂದರೆಯಾಗೋ ಹಾಗೆ ಅಸಮಂಜಸ ಷರತ್ತು ಹೇರೋದು ಇದರೊಳಗೆ ಬರ್ತವೆ. 30 ದಿನ ದಾಟಿದ್ದಕ್ಕೆ 880 ರೂಪಾಯಿ ಪೂರ್ತಿ ಮುಟ್ಟುಗೋಲು ಅಂದರೆ ಅದು ದಂಡವೇ ತಾನೆ? ವಾದ ಮಾಡಬಹುದು.

ಎಲ್ಲಿ ವಾದ ಮಾಡಬೇಕು ಅನ್ನೋದರಲ್ಲಿ ಒಂದು ಗಂಟಿದೆ, ಇದನ್ನು ಗಮನಿಸಿ ಓದಿ. ಕರಾರೇ ಅನ್ಯಾಯದ್ದು ಅಂತ ದೂರು ಕೊಡೋದಾದರೆ ಅಧಿನಿಯಮ ಆ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ, ಸೆಕ್ಷನ್ 47ರಲ್ಲಿ ರಾಜ್ಯ ಆಯೋಗಕ್ಕೆ ಕೊಟ್ಟಿದೆ. 880 ರೂಪಾಯಿಗೆ ಕೊಪ್ಪಳ ಬಿಟ್ಟು ರಾಜ್ಯ ಆಯೋಗಕ್ಕೆ ಅರ್ಜಿ! ಇದು ಕಾಯ್ದೆ ಬರೆದವರು ಸಣ್ಣ ಊರಿನವರನ್ನು ಮರೆತ ಜಾಗ ಅಂತ ನಮಗನಿಸ್ತದೆ. ಕೊಪ್ಪಳದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಕೊಡಬೇಕು ಅಂದರೆ ಅದನ್ನು ಸೇವಾ ನ್ಯೂನತೆ ಅಂತಲೋ ಅನುಚಿತ ವ್ಯಾಪಾರ ಪದ್ಧತಿ ಅಂತಲೋ ಬರೀಬೇಕು: ಗಡುವನ್ನು ಕೊಳ್ಳೋ ಹೊತ್ತಿನಲ್ಲಿ ಹೇಳಲಿಲ್ಲ, ಬಿಲ್ ಕೊಡಲಿಲ್ಲ, ರೊಕ್ಕ ತಗೊಂಡು ಸೇವೆ ಕೊಡಲಿಲ್ಲ, ಹೀಗೆ.

ದೂರಿನ ದಾರಿ ಮಾತ್ರ ನಾವು ಅಂದುಕೊಂಡಷ್ಟು ಕಠಿಣ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಅವರು ಅಂಗಡಿಯ ಜೊತೆ ಮಾತಾಡಿಸಿ ಬಗೆಹರಿಸೋಕೆ ನೋಡ್ತಾರೆ, ತೀರ್ಪು ಕೊಡೋ ಅಧಿಕಾರ ಅವರಿಗಿಲ್ಲ. ಅದಾಗದಿದ್ದರೆ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಆನ್‌ಲೈನಿನಲ್ಲೂ ಸಲ್ಲಿಸಬಹುದು, ಈಗ ಅದಕ್ಕೆ ಇ-ಜಾಗೃತಿ ಪೋರ್ಟಲ್ ಇದೆ. ಇನ್ನೊಂದು ಒಳ್ಳೆಯ ಬದಲಾವಣೆ: ಮೊದಲಿನ 1986ರ ಕಾಯ್ದೆಯಲ್ಲಿ ಎದುರು ಪಾರ್ಟಿ ಇರೋ ಊರಿಗೋ ವ್ಯವಹಾರ ನಡೆದ ಊರಿಗೋ ನಾವು ಅಲೆಯಬೇಕಿತ್ತು. ಈಗ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಅಂಗಡಿಯ ವೋಚರನ್ನು ಮೊಬೈಲಿನಲ್ಲಿ ಕೊಂಡ ನಮ್ಮ ಮಂಗಳೂರಿನ ಹುಡುಗ ಕೊಪ್ಪಳದಲ್ಲೇ ಕೇಸು ಹಾಕಬಹುದು.

ಮಾಡಬಹುದು ಅನ್ನೋದು ಬೇರೆ, ಮಾಡಬೇಕು ಅನ್ನೋದು ಬೇರೆ. ಒಂದು ಖಾನಾವಳಿ ಅಕ್ಕನನ್ನು ಆಯೋಗಕ್ಕೆ ಎಳೆದರೆ ಅವಳು ಒಂದು ದಿನ ಒಲೆ ಹಚ್ಚದೆ ಬರಬೇಕು. ನಮ್ಮ ಗೆಳೆಯ ಒಂದು ಇಂಟರ್ನಲ್ ಬಿಟ್ಟು ಹೋಗಬೇಕು. ಆದ್ದರಿಂದ ನಾವು ಪೆನ್ನು ತಗೊಂಡು ಲೆಕ್ಕಕ್ಕೆ ಕೂತ್ವಿ.

880ರಲ್ಲಿ ಯಾರದು ಎಷ್ಟು?

ಗೆಳೆಯನ ಲೆಕ್ಕ: 22 ಕೂಪನ್, ತಲಾ 40, ಒಟ್ಟು 880 ವಾಪಸ್ ಬರಬೇಕು. ಅಕ್ಕನ ಲೆಕ್ಕ: ಸೊನ್ನೆ.

ಗೆಳೆಯನ ಲೆಕ್ಕದಲ್ಲಿ ಒಂದು ತಪ್ಪಿದೆ. 60ರ ಊಟ 40ಕ್ಕೆ ಸಿಕ್ಕಿದ್ದು ಯಾಕೆ? ತಿಂಗಳು ಪೂರ್ತಿ ಬರ್ತೀನಿ ಅಂತ ಅವನು ಮಾತು ಕೊಟ್ಟಿದ್ದಕ್ಕೆ. 38 ಊಟ ಬಿಡಿಬಿಡಿಯಾಗಿ ಮಾಡಿದ್ದರೆ 38 × 60, ಅಂದರೆ 2,280 ಆಗ್ತಿತ್ತು. ಹಂಗೆ ನೋಡಿದರೆ ಅವನಿಗೆ ಬರಬೇಕಾದ್ದು 2,400 − 2,280 = 120 ಮಾತ್ರ! ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಅಕ್ಕನ ಲೆಕ್ಕದಲ್ಲೂ ತಪ್ಪಿದೆ. ಇದನ್ನು ಅವಳ ಬಾಯಿಂದಲೇ ಕೇಳಿದ್ವಿ. ವಾಟ್ಸಾಪ್ ಮೆಸೇಜ್ ಹಾಕಿದ್ದು ತಪ್ಪಾಯ್ತು, ಅಳಿಸೀವಿ ಅಂತ ಹೇಳೋಕೆ ಹೋದಾಗ ಅವಳು ಮೊದಲು ಮಾತೇ ಆಡಲಿಲ್ಲ. ಆಮೇಲೆ ಚಹಾ ಕೊಟ್ಟು ಹೇಳಿದಳು: "ಕೂಪನ್ ಎಷ್ಟ್ ಅದಾವು ನೋಡಿ ರೊಟ್ಟಿ ಬಡೀತೀನ್ರೀ. ಕಟಕ್ ರೊಟ್ಟಿ ಆದ್ರ ನಾಕ್ ದಿನ ಇಡಬಹುದು. ಅನ್ನ, ಪಲ್ಯ ಇಡಾಕ ಬರೂದಿಲ್ಲ. ಮುಂಜಾನೆ ಹತ್ತಕ್ಕ ಒಂದ್ ಮಾತ್ ಹೇಳಿದ್ರ ನಾ ಒಂದ್ ಹಿಡಿ ಅಕ್ಕಿ ಕಮ್ಮಿ ಹಾಕ್ತೀನಿ." ಹಂಗಾದ್ರೆ ಅವನು ಬಾರದ ಮೊದಲ ಒಂದೆರಡು ದಿನ ಅವಳಿಗೆ ನಷ್ಟ ಖರೆ. ಮೂರನೇ ದಿನದಿಂದ ಅವನು ಬರೋದಿಲ್ಲ ಅಂತ ಗೊತ್ತಾಗಿ ಅಕ್ಕಿ ಕಮ್ಮಿ ಹಾಕಿದ್ದಾಳೆ. ಆ ಊಟಗಳ ಖರ್ಚು ಉಳಿದಿದೆ. ಉಳಿದ ಖರ್ಚನ್ನೂ, ಪಡೆದ ರೊಕ್ಕವನ್ನೂ ಎರಡನ್ನೂ ಇಟ್ಟುಕೊಂಡರೆ ಅದು ಲಾಭ, ನಷ್ಟ ಅಲ್ಲ.

ಅಂದರೆ ನ್ಯಾಯದ ಅಂಕಿ 120 ಮತ್ತು 880ರ ನಡುವೆ ಎಲ್ಲೋ ಇದೆ. ಅದನ್ನು ಹಿಡಿಯೋಕೆ ನಮಗೆ ಸಿಕ್ಕ ಸೂತ್ರ ಅಮೆರಿಕದ ಗ್ರೂಪಾನ್ ಜಗಳದಿಂದ ಬಂತು. ರಿಯಾಯ್ತಿ ಕೂಪನ್ ಮಾರುವ ಆ ಕಂಪನಿಯ ಮೇಲೆ 2011ರ ಹೊತ್ತಿಗೆ ಎಕ್ಸ್‌ಪೈರಿ ತಾರೀಖಿನ ವಿಷಯಕ್ಕೇ ಕೇಸುಗಳು ಬಿದ್ದಿದ್ದವು. ಅಲ್ಲಿ ರೂಢಿಗೆ ಬಂದ ವಿಂಗಡಣೆ ಹೀಗೆ: ಚೀಟಿಯಲ್ಲಿ ಎರಡು ಭಾಗ ಇವೆ, ಗಿರಾಕಿ ಕೊಟ್ಟ ರೊಕ್ಕ ಒಂದು, ಅಂಗಡಿ ಮೇಲೆ ಸೇರಿಸಿದ ರಿಯಾಯ್ತಿ ಇನ್ನೊಂದು. ಗಡುವು ಮುಗಿದಾಗ ರಿಯಾಯ್ತಿ ಹೋಗ್ತದೆ, ಕೊಟ್ಟ ರೊಕ್ಕ ಉಳೀತದೆ.

ಇದನ್ನು ಖಾನಾವಳಿಗೆ ಹಚ್ಚಿದ್ವಿ. 22 ಕೂಪನ್ನಿನ 880 ರೂಪಾಯಿ ಉಳಿಯಲಿ, ಆದರೆ ಇನ್ನು ಮುಂದೆ ಊಟಕ್ಕೆ 40ರ ದರ ಇಲ್ಲ, 60ರ ದರ. 880ಕ್ಕೆ 14 ಊಟ, 40 ರೂಪಾಯಿ ಬಾಕಿ. ಅವನು 8 ಊಟ ಕಳಕೊಂಡ. ಅಕ್ಕ ಕೈಯಿಂದ ರೊಕ್ಕ ತೆಗೆದು ಕೊಡಬೇಕಾಗಿಲ್ಲ, ಅಡುಗೆಯಲ್ಲೇ ತೀರಿಸಬಹುದು. ಸಣ್ಣ ವ್ಯಾಪಾರದವರಿಗೆ ಇದು ದೊಡ್ಡ ವಿಷಯ. ಯಾಕಂದರೆ ಆ 2,400 ಗಲ್ಲಾದಲ್ಲಿ ಕೂತಿರೋದಿಲ್ಲ, ಅವತ್ತೇ ಎಣ್ಣೆ-ಗ್ಯಾಸು ಆಗಿಹೋಗಿರ್ತದೆ.

ಅಕ್ಕ ಚೀಟಿಯ ಹಿಂದೆ ಬರೆದ ಲೆಕ್ಕವನ್ನು ಎರಡು ಸಲ ನೋಡಿದಳು. "ಹದಿನಾಕು ಆತು. ಬಾಕಿ ನಲವತ್ತಕ್ಕ ಏನ್ ಮಾಡೂದು?" ಅಂತ ತಾನೇ ಕೇಳಿ, "ಇರ್ಲಿ, ಹದಿನೈದು ತಿನ್ನು, ಜ್ವರ ಬಂದು ಸೊರಗಿ" ಅಂದಳು. ನಾವು ಓದಿದ ಯಾವ ಸೆಕ್ಷನ್ನಿನಲ್ಲೂ ಆ ಹದಿನೈದನೇ ಊಟ ಇರಲಿಲ್ಲ.

ಇಷ್ಟು ಸುಲಭವಾಗಿ ಎಲ್ಲ ಕಡೆ ಮುಗಿಯೋದಿಲ್ಲ ಅನ್ನೋದೂ ನಮಗೆ ಗೊತ್ತು. ವರ್ಷದ ರೊಕ್ಕ ತಗೊಂಡು ಬಾಗಿಲು ಹಾಕಿಕೊಂಡು ಹೋಗೋ ಜಿಮ್ಮು, ಮಾಲಕರು ಬದಲಾದರು ಅಂತ ಹಳೇ ಚೀಟಿ ಒಪ್ಪದ ಪಾರ್ಲರು, ಇಂಥಲ್ಲಿ ಚಹಾ ಕುಡಿದು ಲೆಕ್ಕ ಮಾಡೋಕೆ ಎದುರಿಗೆ ಯಾರೂ ಇರೋದಿಲ್ಲ. ಅಲ್ಲಿಗೆ 1915 ಮತ್ತು ಕೊಪ್ಪಳದ ಆಯೋಗವೇ ದಾರಿ. ಅದಕ್ಕೆ ಬೇಕಾದ ಸಾಮಾನು ಸಣ್ಣದು: ಚೀಟಿಯ ಎರಡೂ ಬದಿಯ ಫೋಟೋ, ಬಿಲ್ಲು ಅಥವಾ ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಕೇಳಿದ ಮತ್ತು ಅವರು ಒಲ್ಲೆ ಅಂದ ಮೆಸೇಜು. ಬಿಲ್ ಕೊಡೋದಿಲ್ಲ ಅನ್ನೋದೇ ಒಂದು ಅನುಚಿತ ವ್ಯಾಪಾರ ಪದ್ಧತಿ ಅಂತ ಕಾಯ್ದೆಯಲ್ಲಿದೆ, ಕೇಳೋಕೆ ನಾಚಬ್ಯಾಡ್ರಿ. ಥರ್ಮಲ್ ಪೇಪರಿನ ಬಿಲ್ಲಾದರೆ ಅವತ್ತೇ ಫೋಟೋ ಹೊಡೀರಿ. ವೋಚರ್ ಎಕ್ಸ್‌ಪೈರಿ ಆಗೋ ಮುಂಚೆ ಬಿಲ್ಲಿನ ಅಕ್ಷರವೇ ಎಕ್ಸ್‌ಪೈರಿ ಆಗಿರ್ತದೆ.

ಹೊಸ ಪುಸ್ತಕದ ಹಿಂಬದಿ

ಮುಂದಿನ ತಿಂಗಳ ಕೂಪನ್ ಪುಸ್ತಕಕ್ಕೆ ರಬ್ಬರ್ ಸ್ಟ್ಯಾಂಪಿನ ಬದಲು ಸರಿಯಾಗಿ ಒಂದು ಷರತ್ತು ಬರೆದುಕೊಡ್ರಿ, ಕನ್ನಡ ಸಂಘದವರಂತೀರಿ ಅಂತ ಅಕ್ಕನೇ ಕೇಳಿದಳು. ಮೊದಲು ನಾವು ಬರೆದದ್ದು "ಸದರಿ ಕೂಪನ್ನಿನ ಸಿಂಧುತ್ವದ ಅವಧಿಯು" ಅಂತ ಶುರುವಾಗಿತ್ತು. ಅಕ್ಕ ಓದಿ, "ಇದ್ಯಾರಿಗೆ ತಿಳೀತೈತಿ?" ಅಂದಳು. ಕನ್ನಡ ಬಳಗದ ಮಾನ ಅಲ್ಲಿಗೆ ಹೋಯ್ತು. ಎರಡನೇ ಸಲ ಬರೆದದ್ದು ಈಗ ಪ್ರತಿ ಪುಸ್ತಕದ ಹಿಂದೆ, ಒಳಗಿನ ಅಕ್ಷರದಷ್ಟೇ ದೊಡ್ಡ ಅಕ್ಷರದಲ್ಲಿ ಇದೆ. ಬೇರೆ ಮೆಸ್ಸಿನವರು, ಜಿಮ್ಮಿನವರು ಬೇಕಾದರೆ ಊಟದ ಜಾಗದಲ್ಲಿ ತಮ್ಮದನ್ನು ಹಾಕಿ ಬಳಸಿಕೊಳ್ಳಬಹುದು:

"ಈ ಪುಸ್ತಕ ತಗೊಂಡ ದಿನದಿಂದ 30 ದಿನ ಒಂದು ಕೂಪನ್ನಿಗೆ ಒಂದು ಊಟ. 30 ದಿನ ಆದ ಮೇಲೆ ಉಳಿದ ಕೂಪನ್ ಸುಟ್ಟುಹೋಗೋದಿಲ್ಲ. ಒಂದು ಕೂಪನ್ನಿಗೆ 40 ರೂಪಾಯಿ ಅಂತ ಹಿಡಿದು, ಅವತ್ತಿನ ಊಟದ ದರದಲ್ಲಿ ಮುರಿದುಕೊಳ್ಳುತ್ತೇವೆ. ಇದು ಇನ್ನೂ 6 ತಿಂಗಳು ನಡೆಯುತ್ತದೆ. ಊರಿಗೆ ಹೋಗುವವರು ಮುಂಜಾನೆ 10ರೊಳಗೆ ಹೇಳಿದರೆ ಆ ದಿನಗಳನ್ನು 30ರಲ್ಲಿ ಎಣಿಸುವುದಿಲ್ಲ. ನಿಮ್ಮ ಕೂಪನ್ ನಿಮ್ಮ ಗೆಳೆಯರೂ ಬಳಸಬಹುದು."

ಪ್ರಿಂಟಿಗೆ ಕೊಡೋ ಮುಂಚೆ ಅಕ್ಕ ಒಂದು ಸಾಲು ಸೇರಿಸಿದಳು: "ಅಮಾಸಿ ದಿನ ಒಲಿ ಹಚ್ಚೂದಿಲ್ಲ."